ಹೂಂಗುಟ್ಟದ ಗಾಜು

"ನಾನೇ ಚಿಕ್ಕಪ್ಪನ್ನ ಕೊಂದೆ ಅನ್ಸುತ್ತೆ. ಆದ್ರೆ ಯಾವಾಗ ಕೊಂದೆ ಅಂತ ನೆನಪಿಲ್ಲ."

ಗಡಿಯಾರ ರಿಪೇರಿ ಅಂಗಡಿಯ ಷಟರನ್ನು ಮುಳ್ಳಪ್ಪ ಅರ್ಧ ಎತ್ತಿದ್ದ. ಉಳಿದರ್ಧ ಎತ್ತುವುದನ್ನು ಮರೆತು ಹಾಗೇ ನಿಂತ. ಎದುರಿಗಿದ್ದ ಹೆಣ್ಣುಮಗಳಿಗೆ ಇಪ್ಪತ್ತೆಂಟು ಮೂವತ್ತು ಇರಬಹುದು. ಬಲಗೈಯ ತೋರುಬೆರಳನ್ನು ಎಡಗೈಯ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು, ಬಿಟ್ಟರೆ ಅದು ಇನ್ನೇನಾದರೂ ಮಾಡಿಬಿಡುತ್ತದೆ ಎನ್ನುವ ಹಾಗೆ. ಎರಡು ದಿನದಿಂದ ನಿದ್ದೆ ಕಾಣದ ಕಣ್ಣುಗಳು.

ಅವನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ಬೇಕಿರಲಿಲ್ಲ. ಕಡ್ಡಿಯಂಥ ಮೈಗೂ ಮಾಡುವ ಕೆಲಸಕ್ಕೂ ಸೇರಿಸಿ ಅಂಗಡಿಯ ಮಹಡಿಯಲ್ಲಿದ್ದ ಅತ್ತೆಯೇ ಇಟ್ಟ ಹೆಸರು ಮುಳ್ಳಪ್ಪ. ಅತ್ತೆಯ ಜೊತೆಗೂಡಿ ಹನ್ನೊಂದು ಪ್ರಕರಣ ನೋಡಿದ್ದರೂ ಅವನ ಪುಕ್ಕಲುತನ ಒಂದು ಕಾಸಿನಷ್ಟೂ ಕಡಿಮೆಯಾಗಿರಲಿಲ್ಲ.

"ಅತ್ತೆ ಮೇಲಿದ್ದಾರೆ, ಬನ್ನಿ," ಎಂದು ಮೆಟ್ಟಿಲು ತೋರಿಸಿದ.

ಎಕ್ಸ್‌ಚೇಂಜ್ ಅತ್ತೆ ಎಂದರೆ ಆ ಊರಿನಲ್ಲಿ ತಿಳಿಯದವರಿಲ್ಲ. ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಾಲುಸಾಲು ದೀಪಗಳ ಮುಂದೆ ಕೂತು ಯಾರು ಯಾರಿಗೆ ಏನು ಹೇಳುತ್ತಾರೆ, ಯಾರು ಏನು ಹೇಳದೆ ನುಂಗುತ್ತಾರೆ ಎಂಬುದನ್ನು ಅರೆದು ಕುಡಿದವರು. ನಿವೃತ್ತಿಯಾದ ಮೇಲೆ ಪೊಲೀಸರೇ ಆಗಾಗ ಮೆಟ್ಟಿಲು ಹತ್ತಿ ಬರುತ್ತಿದ್ದರು. ಬಂದವಳನ್ನು ಕೂರಿಸಿ, ನೀರು ಕೊಟ್ಟು, ಅತ್ತೆ ಒಂದೇ ಮಾತು ಹೇಳಿದರು: "ಮೊದಲಿನಿಂದ ಹೇಳಮ್ಮ. ನಾನು ಹೂಂಗುಡ್ತಾ ಇರ್ತೀನಿ."

ಅವಳು ಸೇಬು ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಆಪರೇಟರ್. ಅಲ್ಲಿ ಹನ್ನೆರಡು ದೊಡ್ಡ ಕೋಣೆಗಳು. ಹಣ್ಣು ತಿಂಗಳುಗಟ್ಟಲೆ ಕೆಡದಿರಲಿ ಎಂದು ಕೋಣೆಗೆ ನೈಟ್ರೋಜನ್ ತುಂಬಿ ಉಸಿರಾಡುವ ಗಾಳಿಯನ್ನು ಹೊರಗೆ ಹಾಕುತ್ತಾರೆ. ಹಣ್ಣು ತೆಗೆಯಬೇಕಾದಾಗ ಎರಡು ಗಂಟೆ ಮುಂಚೆ ಬಟನ್ ಒತ್ತಿ ಹೊರಗಿನ ಗಾಳಿ ಒಳಗೆ ಬಿಡಬೇಕು. ಬಿಡದೆ ಒಳಗೆ ಹೋದರೆ ಎರಡೇ ಉಸಿರು. ಮೂರನೆಯದಕ್ಕೆ ಮನುಷ್ಯ ನೆಲದ ಮೇಲಿರುತ್ತಾನೆ.

"ವಾಸನೆ ಏನಾದ್ರೂ ಬರುತ್ತಾ?" ಮುಳ್ಳಪ್ಪ ಕೇಳಿದ.

"ಏನೂ ಇಲ್ಲ ಅಣ್ಣ. ವಾಸನೆ ಇಲ್ಲ, ಹೊಗೆ ಇಲ್ಲ, ಕೆಮ್ಮೂ ಬರಲ್ಲ. ಚಿಕ್ಕಪ್ಪ ಹೇಳ್ತಿದ್ರು, ಹಾವಾದ್ರೂ ಬುಸ್ ಅನ್ನುತ್ತೆ, ಇದು ಅದನ್ನೂ ಅನ್ನಲ್ಲ ಅಂತ."

ಮುಳ್ಳಪ್ಪ ಎದ್ದು ಹೋಗಿ ಕಿಟಕಿ ತೆರೆದು ಬಂದ.

ಚಿಕ್ಕಪ್ಪ ಅಲ್ಲಿ ಫೋರ್‌ಮನ್. ತಂದೆ ಇಲ್ಲದ ಅವಳನ್ನು ಸಾಕಿ ಕೆಲಸಕ್ಕೆ ಹಚ್ಚಿದವರೂ ಅವರೇ. ಮುಂಚೆ ಗೋಡೆಯ ಮೇಲೆ ಹಳೆಯ ಪ್ಯಾನೆಲ್ ಇತ್ತು. ಪ್ರತಿ ಕೋಣೆಗೆ ಒಂದು ಕೆಂಪು ದೀಪ, ಒಂದು ಹಸಿರು ದೀಪ, ಬಾಗಿಲ ಬಳಿ ಗಾಳಿ ಅಳೆಯುವ ಮುಳ್ಳು. ಅವಳು ಒತ್ತಿದಾಗ ಹಸಿರು ದೀಪ ಹತ್ತುತ್ತಿತ್ತು. ಚಿಕ್ಕಪ್ಪ ಪ್ಯಾನೆಲ್ ಹಾಲಿನ ಆ ತುದಿಯಿಂದ ದೀಪ ನೋಡಿ "ಹೂಂ, ಬಂತು" ಎನ್ನುತ್ತಿದ್ದರು. ತಿಂಗಳ ಹಿಂದೆ ಯಜಮಾನರ ಮಗಳ ಗಂಡ ಅದನ್ನೆಲ್ಲ ಕಿತ್ತು ಹೊಸದು ಹಾಕಿದ. ಅವನು ಯಂತ್ರಗಳ ಮುಖ ವಿನ್ಯಾಸ ಮಾಡುವವನು. ದೀಪ, ಮುಳ್ಳು, ಗಂಟೆ ಎಲ್ಲ ಮನುಷ್ಯನ ತಲೆ ಕೆಡಿಸುತ್ತವೆ, ಮುಖ ಸರಳವಾಗಿರಬೇಕು ಎಂಬುದು ಅವನ ವಾದ. ಕೆಲಸದವರು ಬೆನ್ನ ಹಿಂದೆ ಇಟ್ಟ ಹೆಸರು ಸಿಂಪಲ್ ಸಾಹೇಬ. ಅವನ ಪ್ಯಾನೆಲ್ ಒಂದು ಕಪ್ಪು ಗಾಜು, ಅದರ ಮೇಲೆ ಹನ್ನೆರಡು ಸಂಖ್ಯೆ, ಅಷ್ಟೆ. ಸಂಖ್ಯೆ ಒತ್ತಿದರೆ ನೈಟ್ರೋಜನ್ ನಿಂತು ಗಾಳಿ ಬರುತ್ತದೆ. ಅದನ್ನೇ ಮತ್ತೆ ಒತ್ತಿದರೆ ಗಾಳಿ ನಿಂತು ನೈಟ್ರೋಜನ್. ಒತ್ತಿದ್ದು ಹತ್ತಿತೋ ಇಲ್ಲವೋ ಎಂದು ಗಾಜು ಹೇಳುವುದಿಲ್ಲ.

"ಗೋಡೆಗೆ ಹೇಳ್ದಂಗೆ ಅತ್ತೆ. ಹತ್ತಿತೋ ಇಲ್ವೋ ಅಂತ ಇನ್ನೊಂದ್ಸಲ ಒತ್ತೋದು. ಆಮೇಲೆ ಅಯ್ಯೋ, ಎರಡು ಸಲ ಒತ್ತಿದ್ನಲ್ಲ ಅಂತ ಮೂರನೇ ಸಲ. ಮೊನ್ನೆ ಎಂಟು ಗಂಟೆಗೆ ನಾಲ್ಕನೇ ಕೋಣೆ ಒತ್ತಿ ಲೇಬಲ್ ಅಂಟಿಸೋ ಹಾಲಿಗೆ ಹೋದೆ. ಹತ್ತಕ್ಕೆ ಚಿಕ್ಕಪ್ಪ ಬೀಗ ತೆಗೆದು ಒಳಗೆ ಹೋದ್ರು. ಬಾಗಿಲಿಂದ ನಾಲ್ಕು ಹೆಜ್ಜೆ ಅಷ್ಟೇ ಹಾಕಿದ್ದು." ಅವಳ ದನಿ ಒಡೆಯಿತು. "ನಡುವೆ ನಾನು ಮತ್ತೆ ಬಂದು ಒತ್ತಿದ್ನಾ? ಒತ್ತಿದ ಹಾಗೂ ಅನ್ಸುತ್ತೆ, ಇಲ್ಲ ಅಂತಲೂ ಅನ್ಸುತ್ತೆ. ಸಂಜೆ ಐದಕ್ಕೆ ಇನ್ಸ್‌ಪೆಕ್ಟರ್ ಹೇಳಿಕೆಗೆ ಸಹಿ ಹಾಕು ಅಂದಿದ್ದಾರೆ. ನನ್ನ ಕೈಯಿಂದ್ಲೇ ಆಯ್ತು ಅಂತ ಅದರಲ್ಲಿದೆ. ಹಾಕಿಬಿಡ್ಲಾ?"

"ಐದಕ್ಕೆ ಇನ್ನೂ ಟೈಮಿದೆ," ಎಂದು ಅತ್ತೆ ಮೂಲೆಯಲ್ಲಿದ್ದ ಕೊಡೆ ಕೈಗೆತ್ತಿಕೊಂಡರು. ಬಿಸಿಲಿರಲಿ ಮೋಡವಿರಲಿ, ಕೊಡೆ ಇಲ್ಲದೆ ಅವರು ಹೊಸ್ತಿಲು ದಾಟುತ್ತಿರಲಿಲ್ಲ.

ಕೋಲ್ಡ್ ಸ್ಟೋರೇಜಿನ ಓಣಿಗೆ ಕಾಲಿಟ್ಟಾಗಲೇ ಮುಳ್ಳಪ್ಪ ಅತ್ತೆಯ ಬೆನ್ನ ಹಿಂದೆ ಸರಿದ. ಉದ್ದನೆಯ ಓಣಿ, ಎರಡೂ ಕಡೆ ಬಿಳಿ ಬಣ್ಣದ ದಪ್ಪ ಬಾಗಿಲುಗಳು. ಎಲ್ಲ ಯಂತ್ರಗಳ ಸದ್ದೂ ಸೇರಿ ಒಂದೇ ಗುಂಯ್‌ಗುಡುವಿಕೆ. ಯಾವ ಕೋಣೆಯ ಫ್ಯಾನ್ ಆಡುತ್ತಿದೆ, ಯಾವುದು ನಿಂತಿದೆ ಎಂದು ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ. ಮುಚ್ಚಿದ ಒಂದೊಂದು ಬಾಗಿಲ ಹಿಂದೆಯೂ ಸಾವು ಸದ್ದಿಲ್ಲದೆ ಕಾದು ಕೂತಿದೆ ಎಂಬುದು ಅವನ ತಲೆಯಿಂದ ಹೋಗಲೊಲ್ಲದು.

ಮೆಕ್ಯಾನಿಕ್ ದಾರಿ ತೋರಿಸಿದ. ಕುಳ್ಳಗೆ, ಗಟ್ಟಿಮುಟ್ಟಾದ ಆಳು, ಮಾತು ಕಡಿಮೆ. ಸತ್ತವರಿಗೂ ಅವನಿಗೂ ಹೋದ ವಾರ ಜಗಳವಾಗಿತ್ತು ಎಂದು ಆಪರೇಟರ್ ಹೇಳಿದ್ದಳು.

"ಹೌದು, ಜಗಳ ಆಡಿದ್ದೆ," ಎಂದ ಅವನು, ಕೇಳುವ ಮುಂಚೆಯೇ. "ಬಾಗಿಲ ಹತ್ರ ಇದ್ದ ಮುಳ್ಳು ಯಾಕೆ ಕಿತ್ತೆ ಅಂತ ನನ್ನ ಬೈದ್ರು. ಕೀಳು ಅಂದಿದ್ದು ಸಾಹೇಬ್ರು. ಬೈಗುಳ ನನಗೆ."

"ಈಗ ಯಾವ ಯಾವ ಕೋಣೇಲಿ ಗಾಳಿ ಇದೆ?"

"ಆರು, ಒಂಬತ್ತು, ಹನ್ನೊಂದು ಖಾಲಿ, ಅಲ್ಲಿ ಗಾಳಿನೇ. ನಾಲ್ಕನ್ನ ಪೊಲೀಸರಿಗೆ ಅಂತ ತೆರೆದಿಟ್ಟಿದ್ದೀವಿ. ಉಳಿದ ಎಂಟರಲ್ಲಿ ನೈಟ್ರೋಜನ್."

ಅತ್ತೆ ನಾಲ್ಕನೇ ಕೋಣೆಯ ಮುಂದೆ ನಿಂತು, "ಒಳಗೆ ಹೋಗಿ ನೋಡಿ ಬಾ ಮುಳ್ಳಪ್ಪ. ಬಿದ್ದ ಜಾಗದಿಂದ ಬಾಗಿಲು ಎಷ್ಟು ದೂರ ಅಂತ ಅಳೆದು ಬಾ," ಎಂದರು.

ಅವನು ಹೋದ. ಹೋಗದೆ ವಿಧಿಯಿರಲಿಲ್ಲ. ಚಾವಣಿಯವರೆಗೆ ಸೇಬಿನ ಪೆಟ್ಟಿಗೆಗಳು, ನೆಲದ ಮೇಲೆ ಪೊಲೀಸರು ಸೀಮೆಸುಣ್ಣದಿಂದ ಬರೆದ ಆಕಾರ. ಒಂದು ಉಸಿರು ಎಳೆದುಕೊಂಡ. ಏನೂ ಆಗಲಿಲ್ಲ. ಎರಡನೆಯದು ಎಳೆಯಲು ಧೈರ್ಯ ಸಾಲಲಿಲ್ಲ. ಮೆಕ್ಯಾನಿಕ್ ಹೇಳಿದ್ದು ಸುಳ್ಳಾದರೆ? ಓಣಿಯಲ್ಲಿ ಈಗಷ್ಟೇ ಯಾರೋ ಗಾಜು ಮುಟ್ಟಿದ್ದರೆ? ಒಳ್ಳೆಯ ಗಾಳಿಗೂ ಕೆಟ್ಟ ಗಾಳಿಗೂ ಬಾಯಲ್ಲಿ ಒಂದೇ ರುಚಿ. ಎದೆ ಡವಗುಟ್ಟುತ್ತಿತ್ತು. ಅದು ಹೆದರಿಕೆಯೋ ಸಾವಿನ ಸೂಚನೆಯೋ ತಿಳಿಯದೆ ಅಳತೆಯನ್ನೂ ಮರೆತು ಹೊರಗೆ ಓಡಿಬಂದ.

"ನಾಲ್ಕು ಹೆಜ್ಜೆ," ಎಂದ ಏದುಸಿರು ಬಿಡುತ್ತ.

"ಅದು ಅವಳೇ ಹೇಳಿದ್ಲು," ಎಂದರು ಅತ್ತೆ. ನಗಲಿಲ್ಲ. "ನಿನಗೆ ಎಷ್ಟು ಭಯ ಆಗುತ್ತೆ ಅಂತ ನೋಡ್ಬೇಕಿತ್ತು. ಅಷ್ಟು ಭಯದ ಜಾಗಕ್ಕೆ ಒಬ್ಬ ಹಳೇ ಫೋರ್‌ಮನ್ ಧೈರ್ಯವಾಗಿ ಹೋದ ಅಂದ್ರೆ ಮಗಳ ಕೈ ಮೇಲೆ ನಂಬಿಕೆ ಇಟ್ಟೇ ಹೋಗಿದ್ದಾನೆ."

ಪ್ಯಾನೆಲ್ ಹಾಲಿನಲ್ಲಿ ಯಜಮಾನರೂ ಸಿಂಪಲ್ ಸಾಹೇಬನೂ ಕಾದಿದ್ದರು. ಹಾಲ್ ಬೋಳು ಬೋಳು. ಒಂದು ಗೋಡೆಯ ಮೇಲೆ ಕಪ್ಪು ಗಾಜು, ಎದುರು ಗೋಡೆಯ ಮೇಲೆ ಸಾಹೇಬನೇ ಈಚೆಗೆ ತಂದು ಹಾಕಿದ ಒಂದು ಗಡಿಯಾರ. ಯಜಮಾನರ ಮುಖ ಬಾಡಿತ್ತು. ಸಾಹೇಬ ತೆಳ್ಳಗಿನ, ನಯವಾದ ಮನುಷ್ಯ. ಮಾತಾಡುತ್ತಲೇ ಗಾಜಿನ ಮೇಲಿದ್ದ ಬೆರಳಿನ ಗುರುತನ್ನು ಕರವಸ್ತ್ರದಿಂದ ಒರೆಸಿದ.

"ಅವತ್ತು ಹನ್ನೊಂದಕ್ಕೆ ಸುರಕ್ಷತಾ ಅಧಿಕಾರಿ ಬರೋರಿದ್ರು," ಎಂದರು ಯಜಮಾನರು. "ಹೊಸ ಪ್ಯಾನೆಲ್‌ಗೆ ಒಪ್ಪಿಗೆ ಕೊಟ್ರೆ ಇದೇ ಎಲ್ಲ ಕಡೆ ಹೋಗೋದು. ಅವರಿಗೆ ತೋರಿಸೋಕೆ ಹಣ್ಣು ತರ್ತೀನಿ ಅಂತ ಫೋರ್‌ಮನ್ ನಾಲ್ಕಕ್ಕೆ ಹೋದ. ಹಿಂದಿನ ದಿನ ನಮ್ಮೆಲ್ಲರ ಮುಂದೇನೇ ಹೇಳಿದ್ದ, ಹಣ್ಣೂ ತೋರಿಸ್ತೀನಿ, ದೀಪ ವಾಪಸ್ ಹಾಕಿಸಿ ಅಂತಲೂ ಕೇಳ್ತೀನಿ ಅಂತ."

"ದುರಂತ," ಎಂದ ಸಾಹೇಬ. "ಆದ್ರೆ ಯಂತ್ರದ ತಪ್ಪಲ್ಲ. ಒಂದು ಸಲ ಒತ್ತಬೇಕು, ಅಷ್ಟೆ. ಮಗು ಕೂಡ ಮಾಡುತ್ತೆ. ಪಾಪ, ಆ ಹುಡುಗಿಗೆ ತನ್ನ ಬೆರಳಿನ ಮೇಲೇ ನಂಬಿಕೆ ಇಲ್ಲ."

"ಯಾವ ಕೋಣೇಲಿ ಏನಿದೆ ಅಂತ ತೋರಿಸೋ ಗುರುತು ಎಲ್ಲೂ ಇಲ್ವಾ? ನಿಮ್ಮ ಆಫೀಸಲ್ಲಿ, ಮೆಷೀನ್ ರೂಮಲ್ಲಿ?"

"ಎಲ್ಲೂ ಇಲ್ಲ. ಅದೇ ಇದರ ಸೊಗಸು. ಯಂತ್ರ ಒತ್ತಿದ ಹೊತ್ತನ್ನ ಮಾತ್ರ ಬರೆದಿಡುತ್ತೆ. ಅದನ್ನ ಇನ್ಸ್‌ಪೆಕ್ಟರ್‌ಗೆ ಕೊಟ್ಟಿದ್ದೀನಿ."

ಅತ್ತೆ ಆ ಹಾಳೆಗಳ ಪ್ರತಿ ತರಿಸಿಕೊಂಡು ಕನ್ನಡಕ ಏರಿಸಿದರು. ನಾಲ್ಕನೇ ಕೋಣೆ, ಮೊನ್ನೆ: ಎಂಟು ಗಂಟೆ ಎರಡು ನಿಮಿಷಕ್ಕೆ ಮೂರು ಸಲ. ಎಂಟು ನಲವತ್ತಕ್ಕೆ ಒಂದು ಸಲ. ಒಟ್ಟು ನಾಲ್ಕು. ಮೂರಕ್ಕೆ ಗಾಳಿ ಬಂದಿತ್ತು, ನಾಲ್ಕನೆಯದಕ್ಕೆ ನಿಂತುಹೋಗಿತ್ತು. ಅರ್ಧ ಗಂಟೆಯ ಗಾಳಿ ಅಷ್ಟು ದೊಡ್ಡ ಕೋಣೆಗೆ ಯಾವ ಮೂಲೆಗೂ ಸಾಲದು. ಎಂಟು ನಲವತ್ತಕ್ಕೆ, ಅವರವರೇ ಹೇಳಿದ ಪ್ರಕಾರ, ಯಜಮಾನರು ಆಫೀಸಿನಲ್ಲಿ, ಮೆಕ್ಯಾನಿಕ್ ಮೆಷೀನ್ ರೂಮಿನಲ್ಲಿ, ಸಾಹೇಬ ಕಾರಿನಲ್ಲಿ, ಆಪರೇಟರ್ ಲೇಬಲ್ ಹಾಲಿನಲ್ಲಿ. ಎಲ್ಲರೂ ಒಬ್ಬೊಬ್ಬರೇ, ಯಾರಿಗೂ ಸಾಕ್ಷಿಯಿಲ್ಲ. ಅತ್ತೆ ತಿಂಗಳ ಹಾಳೆಗಳನ್ನೆಲ್ಲ ತಿರುವಿಹಾಕಿದರು. ಎರಡು ಸಲ, ಮೂರು ಸಲ, ಎರಡು ಸಲ, ಒಮ್ಮೆ ಐದು ಸಲ. ಒಂದೇ ಸಲ ಎಂಬುದು ಬೇರೆಲ್ಲೂ ಇರಲಿಲ್ಲ.

ಅಷ್ಟರಲ್ಲಿ ಮುಳ್ಳಪ್ಪನ ಕಣ್ಣು ತನ್ನ ಚಾಳಿಯಂತೆ ಗಡಿಯಾರದ ಮೇಲೆ ಹೋಗಿತ್ತು. ಬಿಳಿ ಬಿಲ್ಲೆ, ಎರಡು ಮುಳ್ಳು, ಅಂಕಿಗಳ ಜಾಗದಲ್ಲಿ ಹನ್ನೆರಡು ಚುಕ್ಕೆ. ಹೊರಗೆ ಬಂದು ಅಂಗಳದ ಕಟ್ಟೆಯ ಮೇಲೆ ಕೂತಾಗ ಅವನು ಗೊಣಗಿದ. "ಆ ಸಾಹೇಬನ ಗಡಿಯಾರ ನೋಡಿದ್ರಾ? ತಂದು ತಿಂಗಳಾಗಿಲ್ಲ, ಆಗ್ಲೇ ಚುಕ್ಕೆ ಬಣ್ಣ ಹೋಗಿದೆ. ಎಂಟು ಕಪ್ಪು, ನಾಲ್ಕು ಬೂದಿ ಬಣ್ಣ. ಕೆಳಗಿನ ಆರರ ಚುಕ್ಕೆ ಅಂತೂ ಪೂರ್ತಿ ಮಾಸಿದೆ."

ಅತ್ತೆ ಕೊಡೆಯ ತುದಿಯಿಂದ ನೆಲ ಕೆರೆಯುತ್ತಿದ್ದವರು ನಿಲ್ಲಿಸಿದರು. ಆಮೇಲೆ ಅವನ ಕಿವಿಯ ಬಳಿ ಬಾಗಿ ಏನೋ ಹೇಳಿದರು. ಅವನು ಅಂಗಡಿಗೆ ಹೋಗಿ ಸಲಕರಣೆಯ ಪೆಟ್ಟಿಗೆ ತಂದ. ಅತ್ತೆ ಮೆಕ್ಯಾನಿಕ್ಕನ್ನು ಬದಿಗೆ ಕರೆದು ಮಾತಾಡಿದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಯಜಮಾನರ ಅನುಮತಿ ಪಡೆದು ಮುಳ್ಳಪ್ಪ ಹಾಲಿನ ಗಡಿಯಾರ ಕೆಳಗಿಳಿಸಿ "ರಿಪೇರಿ" ಮಾಡಿದ. ಬೇರೆ ದಿನವಾಗಿದ್ದರೆ ಐದು ನಿಮಿಷದ ಕೆಲಸ. ಅವತ್ತು ಕಾಲು ಗಂಟೆ ಹಿಡಿಯಿತು.

ನಾಲ್ಕೂವರೆಗೆ ಎಲ್ಲರೂ ಹಾಲಿನಲ್ಲಿ ಸೇರಿದರು. ಇನ್ಸ್‌ಪೆಕ್ಟರ್ ಹೇಳಿಕೆಯ ಕಾಗದ, ಪೆನ್ನು ಎರಡನ್ನೂ ಸಿದ್ಧವಾಗಿಟ್ಟುಕೊಂಡೇ ಬಂದಿದ್ದರು. ಆಪರೇಟರ್ ಆ ಪೆನ್ನನ್ನೇ ದಿಟ್ಟಿಸುತ್ತ ಗೋಡೆಗೆ ಒರಗಿ ನಿಂತಿದ್ದಳು.

"ಒಂದು ಸಣ್ಣ ಪರೀಕ್ಷೆ," ಎಂದರು ಅತ್ತೆ. "ಆರನೇ ಕೋಣೆ ಖಾಲಿ. ಯಜಮಾನರು, ಮೆಕ್ಯಾನಿಕ್, ಈ ಹೆಣ್ಣುಮಗಳು, ಮೂರು ಜನ ಒಬ್ಬೊಬ್ರಾಗಿ ಬಂದು ಆರನ್ನ ಒತ್ತಿ. ಎಷ್ಟು ಸಲ ಬೇಕಾದ್ರೂ ಒತ್ತಿ. ಯಾರು ಎಷ್ಟು ಒತ್ತಿದ್ರು ಅಂತ ಬೇರೆಯವರಿಗೆ ಕಾಣಬಾರದು."

ಕೊಡೆ ಬಿಚ್ಚಿ ಗಾಜಿಗೆ ಅಡ್ಡ ಹಿಡಿದರು. ಮೂವರೂ ಅದರ ಮರೆಗೆ ಹೋಗಿ ಬಂದರು.

"ಈಗ ಸಾಹೇಬ್ರೇ, ನೀವು ಒತ್ತೋದು ಬೇಡ. ನಿಮ್ಮ ಪ್ಯಾನೆಲ್ ಅಷ್ಟು ಸರಳ ಅಂತೀರಲ್ಲ. ಆರನೇ ಕೋಣೆ ಒಳಗೆ ಹೋಗಿ ಹಿಂದಿನ ಗೋಡೆ ಮುಟ್ಟಿ ಬನ್ನಿ."

ಸಾಹೇಬ ನಗಲು ಹೋದ. ನಗುತ್ತಲೇ ಒಮ್ಮೆ ತಲೆ ಎತ್ತಿದ, ಒಂದೇ ಕ್ಷಣ. ನಗು ಅಲ್ಲೇ ಆರಿತು.

"ಬೇಡ," ಎಂದ.

"ಯಾಕೆ? ಖಾಲಿ ಕೋಣೆ. ಬೆಳಗ್ಗೆಯಿಂದ ಗಾಳಿ ಇತ್ತು."

"ಈಗ ಇಲ್ಲ. ಈಗ ಅದಕ್ಕೆ ನೈಟ್ರೋಜನ್ ಹೋಗ್ತಿದೆ."

"ಹೇಗೆ ಗೊತ್ತು?"

ಇನ್ಸ್‌ಪೆಕ್ಟರ್ ಕುರ್ಚಿಯಿಂದ ಮೆಲ್ಲಗೆ ಎದ್ದು ಬಾಗಿಲ ಬಳಿ ಹೋಗಿ ನಿಂತರು.

"ಲೆಕ್ಕ ಹಾಕಿದೆ," ಎಂದ ಸಾಹೇಬ ಕೊನೆಗೆ.

"ಕೊಡೆ ಹಿಂದೆ ಒತ್ತಿದ್ದನ್ನ ಹೇಗೆ ಎಣಿಸಿದ್ರಿ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ನೀವು ಗಡಿಯಾರ ನೋಡಿದ್ರಿ." ಅತ್ತೆ ಕೊಡೆ ಮಡಚಿದರು. "ಮೆಕ್ಯಾನಿಕ್, ಆರನೇ ಕೋಣೆ ನೈಟ್ರೋಜನ್ ಪೈಪು ಹೇಗಿದೆ?"

"ಮಧ್ಯಾಹ್ನನೇ ಕೈಯಾರೆ ಬಂದ್ ಮಾಡಿದ್ದೀನಿ. ಬಾಗಿಲೂ ತೆರೆದಿದೆ. ಯಾರು ಎಷ್ಟು ಒತ್ತಿದ್ರೂ ಅಲ್ಲಿ ಗಾಳಿ ಬಿಟ್ರೆ ಬೇರೇನಿಲ್ಲ."

ಸಾಹೇಬ ಮತ್ತೆ ಗಡಿಯಾರದತ್ತ ನೋಡಿದ. ಈ ಸಲ ಎಲ್ಲರೂ ನೋಡಿದರು. ಕೆಳಗಿನ ಆರರ ಚುಕ್ಕೆ ಕಪ್ಪಗಿತ್ತು.

"ಅದು ನನ್ನ ಬಣ್ಣ," ಎಂದ ಮುಳ್ಳಪ್ಪ. ತನ್ನ ದನಿ ಇಷ್ಟು ಗಟ್ಟಿಯಾಗಿ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. "ಡಯಲ್‌ಗೆ ಹಚ್ಚೋ ಕಪ್ಪು. ಬಿಚ್ಚಿದಾಗ ನೋಡಿದೆ, ಚುಕ್ಕೆಗಳ ಹಿಂದೆ ಸಣ್ಣ ಬಿಲ್ಲೆಗಳಿವೆ, ನೈಟ್ರೋಜನ್ ಇದ್ರೆ ಕಪ್ಪು, ಗಾಳಿ ಬಂದ್ರೆ ಬೂದಿಗೆ ತಿರುಗ್ತಾವೆ. ಹನ್ನೆರಡು ವೈರು ಗೋಡೆ ಒಳಗೆ ಹೋಗಿವೆ, ಪ್ಯಾನೆಲ್ ಕಡೆಗೆ. ಗಡಿಯಾರಕ್ಕೆ ಅಷ್ಟು ವೈರು ಯಾವ ಕಾಲಕ್ಕೂ ಬೇಕಾಗಲ್ಲ."

ಅತ್ತೆ ಒಂದು ಕುರ್ಚಿ ಎಳೆದುಕೊಂಡು ಕೂತು, ಎಕ್ಸ್‌ಚೇಂಜಿನಲ್ಲಿ ಹೊಸಬರಿಗೆ ಕೆಲಸ ಕಲಿಸುವ ದನಿಯಲ್ಲಿ ಹೇಳತೊಡಗಿದರು.

"ಕೇಳಿ ಇನ್ಸ್‌ಪೆಕ್ಟರ್. ಗಾಳಿ ಹೋಗೋಕೂ ಬರೋಕೂ ಒಂದೇ ಬಟನ್. ದೀಪ ಇಲ್ಲ. ಇಂಥದ್ರಿಂದ ಒಬ್ಬನ್ನ ಕೊಲ್ಲಬೇಕು ಅಂದ್ರೆ, ಒತ್ತೋ ಮುಂಚೆ ಒಳಗೆ ಗಾಳಿ ಇದೆಯೋ ಇಲ್ವೋ ಅಂತ ಗೊತ್ತಿರಬೇಕು. ಗೊತ್ತಿಲ್ಲದೆ ಒತ್ತಿದ್ರೆ ಕೊಲ್ಲೋಕೆ ಹೋಗಿ ಬದುಕಿಸಿಬಿಡಬಹುದು. ಆವತ್ತು ಬೆಳಗ್ಗೆ ಈ ಮಗು ಎರಡು ಸಲ ಒತ್ತಿದ್ಲೋ ಮೂರು ಸಲವೋ ಅವಳಿಗೇ ಗೊತ್ತಿಲ್ಲ. ಅಂದಮೇಲೆ ಬೇರೆಯವರಿಗೆ ಹೇಗೆ ಗೊತ್ತಾಯ್ತು? ಎಲ್ಲೋ ಒಂದು ಕಡೆ ದೀಪ ಇರಲೇಬೇಕು ಅಂತ ನನಗೆ ಆಗಲೇ ಅನ್ನಿಸ್ತು. ಇಲ್ಲ ಅಂತ ಒತ್ತಿ ಹೇಳಿದವರು ಒಬ್ಬರೇ."

ಹಾಳೆ ಎತ್ತಿ ತೋರಿಸಿದರು. "ಇನ್ನು ಇದು. ತಿಂಗಳಿಡೀ ಇಲ್ಲಿ ಯಾರೂ ಒಂದೇ ಸಲ ಒತ್ತಿಲ್ಲ. ಎದುರಿಗಿರೋರು ಹೂಂ ಅನ್ನದೇ ಇದ್ರೆ ಹೇಳಿದ್ದನ್ನೇ ಮತ್ತೆ ಹೇಳೋದು ಮನುಷ್ಯನ ಗುಣ. ಫೋನಿನಲ್ಲೂ ಅಷ್ಟೇ, ಹಲೋ ಅಂದಿದ್ದಕ್ಕೆ ಉತ್ತರ ಬರದಿದ್ರೆ ಮತ್ತೆ ಹಲೋ. ಎಂಟು ನಲವತ್ತಕ್ಕೆ ಬಂದವರು ಒಂದೇ ಸಲ ಒತ್ತಿ ಹೊರಟು ಹೋದ್ರು. ಅವರಿಗೆ ಉತ್ತರ ಸಿಕ್ಕಿತ್ತು. ಗಡಿಯಾರದಲ್ಲಿ ನಾಲ್ಕರ ಚುಕ್ಕೆ ಕಪ್ಪಾಗಿದ್ದನ್ನ ನೋಡಿದ್ರು."

"ಆದ್ರೆ ಯಾಕೆ?" ಯಜಮಾನರ ದನಿ ಸೊರಗಿತ್ತು. ಅಳಿಯನ ಮುಖ ನೋಡಲು ಅವರಿಗೆ ಆಗುತ್ತಿರಲಿಲ್ಲ.

"ಹನ್ನೊಂದಕ್ಕೆ ಅಧಿಕಾರಿ ಮುಂದೆ ಫೋರ್‌ಮನ್ ಬಾಯಿ ತೆರೀತಿದ್ರು. ಅವರು ಸುಮ್ಮನಾದ್ರೆ ತಪ್ಪು ಬೆರಳಿನದು, ಪ್ಯಾನೆಲ್‌ದಲ್ಲ. ಹಾವೂ ಸತ್ತಿತು, ಕೋಲೂ ಮುರೀಲಿಲ್ಲ."

ಸಾಹೇಬ ಗಾಜಿನತ್ತ ನೋಡುತ್ತ ನಿಂತಿದ್ದ. ಮಾತಾಡಿದಾಗ ದನಿಯಲ್ಲಿ ಪಶ್ಚಾತ್ತಾಪಕ್ಕಿಂತ ದೂರೇ ಹೆಚ್ಚಿತ್ತು. "ಐದು ವರ್ಷ ಅದರ ಮೇಲೆ ಕೆಲಸ ಮಾಡಿದೆ. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆ ಇಲ್ಲ. ಅವನು ಅದರ ಮೇಲೆ ಕೆಂಪು ಹಸಿರು ಬಲ್ಬು ಕೂರಿಸಬೇಕು ಅಂದ."

"ಗಡಿಯಾರ ಯಾಕೆ ಮಾಡ್ಕೊಂಡ್ರಿ ಹಾಗಾದ್ರೆ?"

ಅವನು ತಲೆ ತಗ್ಗಿಸಿದ. "ಹಾಕಿದ ವಾರದಲ್ಲೇ ಒಂದ್ಸಲ ನಾನೇ ಎರಡು ಸಲ ಒತ್ತಿ ಒಳಗೆ ಹೋಗೋದ್ರಲ್ಲಿದ್ದೆ. ಬಾಗಿಲ ಹತ್ರ ಅನುಮಾನ ಬಂತು. ಆಮೇಲೆ ನನಗೆ ನಿದ್ದೆ ಬರಲಿಲ್ಲ."

ಆಪರೇಟರ್ ಮೊದಲ ಬಾರಿಗೆ ಅವನ ಮುಖ ನೋಡಿದಳು. "ನಮಗೂ ಬರ್ತಿರಲಿಲ್ಲ," ಎಂದಳು.

ಇನ್ಸ್‌ಪೆಕ್ಟರ್ ಅವನನ್ನು ಕರೆದುಕೊಂಡು ಹೋದರು. ಹೇಳಿಕೆಯ ಕಾಗದ ಮೇಜಿನ ಮೇಲೆ ಸಹಿಯಿಲ್ಲದೆ ಉಳಿಯಿತು. ಅತ್ತೆ ಅವಳ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ನೋಡು ಮಗಳೇ, ಒಂದೇ ಸಲ ಒತ್ತಿ ಹೋಗೋ ಧೈರ್ಯ ನಿನಗೆ ಯಾವತ್ತೂ ಇರಲಿಲ್ಲ. ಆ ಅನುಮಾನವೇ ನಿನ್ನ ಸಾಕ್ಷಿ. ಆವತ್ತು ಮೂರು ಸಲ ಒತ್ತಿದ್ದೆ, ಸರಿಯಾಗೇ ಒತ್ತಿದ್ದೆ. ನೀನು ಚಿಕ್ಕಪ್ಪನಿಗೆ ಗಾಳಿನೇ ಕೊಟ್ಟಿದ್ದೆ." ಆಗ ಅವಳು ಅತ್ತಳು. ಎರಡು ದಿನ ಕಟ್ಟಿಕೊಂಡಿದ್ದ ಅಳು, ಬೇಗ ಮುಗಿಯಲಿಲ್ಲ.

ಹತ್ತು ದಿನದ ನಂತರ ಯಜಮಾನರು ಹೇಳಿಕಳಿಸಿದರು. ಗಾಜು ಇಳಿದಿತ್ತು, ಗಡಿಯಾರವೂ ಇರಲಿಲ್ಲ. ಮೆಕ್ಯಾನಿಕ್ ಹಳೆಯ ಪ್ಯಾನೆಲನ್ನು ಒರೆಸಿ ಮತ್ತೆ ಕೂರಿಸಿದ್ದ. ಬಾಗಿಲುಗಳ ಬಳಿ ಮುಳ್ಳುಗಳು ಮರಳಿದ್ದವು. ಅತ್ತೆ ಮತ್ತು ಮುಳ್ಳಪ್ಪ ಹಾಲಿನ ಆ ತುದಿಯಲ್ಲಿ, ಫೋರ್‌ಮನ್ ನಿಲ್ಲುತ್ತಿದ್ದ ಜಾಗದಲ್ಲಿ ನಿಂತರು.

ಆಪರೇಟರ್ ನಾಲ್ಕನೇ ಬಟನ್ ಮುಂದೆ ಬಹಳ ಹೊತ್ತು ನಿಂತಿದ್ದಳು. ಬೆರಳು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಕೊನೆಗೆ ಒಂದು ಸಲ ಒತ್ತಿದಳು. ಕೆಂಪು ಆರಿ ಹಸಿರು ಹತ್ತಿತು. ಅವಳು ಕೈ ತೆಗೆಯಲಿಲ್ಲ. ದೀಪ ನೋಡಿದ ಮೇಲೂ ಏನನ್ನೋ ಕಾಯುತ್ತಿರುವವಳಂತೆ ಬೆನ್ನು ಹಾಕಿ ಹಾಗೇ ನಿಂತಿದ್ದಳು.

ಏನನ್ನು ಎಂದು ಮುಳ್ಳಪ್ಪನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಗಂಟಲು ಸರಿಮಾಡಿಕೊಂಡು, ಹಾಲಿನ ಆ ತುದಿಯಿಂದ, ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಹೂಂ, ಬಂತು."

ಅವಳು ಬೆರಳು ತೆಗೆದು ಕೆಲಸಕ್ಕೆ ಹೋದಳು.